ತಂದೆಯ ಕಡೆಯ ಪ್ರತಿ

ಬೂಕನಕೆರೆಯ ಜವರಯ್ಯನ ಕೊಟ್ಟಿಗೆಯಲ್ಲಿ ಹಸುವಿಗೆ ಹೋರಿಯ ವೀರ್ಯ ಹಾಕಲು ಎಡಗೈಯನ್ನು ಹೆಚ್ಚುಕಡಿಮೆ ಭುಜದ ತನಕ ಅದರೊಳಗೆ ಇಟ್ಟು ನಿಂತಿದ್ದಾಗ ಸಿದ್ದರಾಮುವಿನ ಜೇಬಿನಲ್ಲಿ ಫೋನು ಅದುರತೊಡಗಿತು. ಪಾಂಡವಪುರದಿಂದ ತಂಗಿ ಚಂದ್ರಕಲಳೇ ಇರಬೇಕು. ಹನ್ನೊಂದಕ್ಕೆ ಬರುತ್ತೇನೆಂದು ತಾನೇ ಹೇಳಿದ್ದ, ಈಗ ಒಂಬತ್ತೂವರೆ. ಇನ್ನೂ ಹೊತ್ತಿದೆಯಲ್ಲ ಎಂದುಕೊಂಡು ಫೋನು ತೆಗೆಯಲಿಲ್ಲ. ಹಸು ಕಾಲು ಬದಲಿಸಿತು. ಹಗ್ಗ ಹಿಡಿದಿದ್ದ ಜವರಯ್ಯ, "ಸಾ, ಓದ್ಸಾರಿ ಆಕುದ್ರಲ್ಲ, ಆ ಹೋರೀದು ಬ್ಯಾಡ. ಕರೂನ್ ಕಾಲು ಸೊಟ್ಟ ಬಂತು" ಎಂದ. ಹೋರಿ ಚೆನ್ನಾಗಿಯೇ ಇತ್ತು, ನಾನೇ ಫೋಟೊ ನೋಡಿದ್ದೆ ಎಂದು ಸಿದ್ದರಾಮು ಹೇಳಿದ. "ಹೋರಿ ಚೆಂದಾಗೇ ಇರ್ತದೆ ಸಾ. ಅದ್ಕೇನಾಗ್ಬೇಕು? ಈಯೋದು ಹಸ, ಬೈಸ್ಕಳದೂ ಹಸ" ಎಂದು ಜವರಯ್ಯ ಯಾವ ಒಳಾರ್ಥವೂ ಇಲ್ಲದೆ ನಕ್ಕ. ಸಿದ್ದರಾಮುವಿಗೆ ಕಿವಿ ಬಿಸಿಯಾಯಿತು. ಇಪ್ಪತ್ಮೂರು ವರ್ಷದಿಂದ ಕಿಕ್ಕೇರಿಯ ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರಾಗಿ, ಸುತ್ತಲ ಹಳ್ಳಿಗಳಲ್ಲಿ ಡಾಕ್ಟರೆಂದೇ ಕರೆಸಿಕೊಂಡು, ಯಾವ ಹೋರಿಯ ಕರು ಎಷ್ಟು ಹಾಲು ಕೊಡುತ್ತದೆ, ಯಾವುದರ ಸಂತಾನದಲ್ಲಿ ಏನು ದೋಷ ಬರುತ್ತದೆ ಎಂದು ಜನಕ್ಕೆ ಬಾಯಿಬಿಟ್ಟು ಹೇಳಿದವನು ಅವನು. ದೋಷವಿದ್ದ ಹೋರಿಯ ವೀರ್ಯವನ್ನು ಒಮ್ಮೆ ಮೇಲಿನವರಿಗೆ ಕಾಗದ ಬರೆದು ಇಡೀ ತಾಲ್ಲೂಕಿನಿಂದಲೇ ವಾಪಸ್ಸು ಕಳಿಸಿದ್ದ. ಅಂದು ಎಷ್ಟು ಧೈರ್ಯವಿತ್ತು.

ಕೈ ತೊಳೆದು ಕಾರಿಗೆ ಬಂದ. ಸೀಟಿನ ಕೆಳಗೆ, ಲಸಿಕೆಯ ರಿಜಿಸ್ಟರುಗಳ ನಡುವೆ, ಏಳು ತಿಂಗಳ ಹಿಂದೆ ಮೈಸೂರಿನ ಆಸ್ಪತ್ರೆಯಿಂದ ಬಂದ ಲಕೋಟೆ ಇತ್ತು. ಅಲ್ಲಿ ಪರೀಕ್ಷೆಗೆ ರಕ್ತ ಕೊಡುವಾಗ ಮನೆಯ ವಿಳಾಸ ಕೊಡದೆ ಕಿಕ್ಕೇರಿಯ ಕಚೇರಿಯ ವಿಳಾಸ ಕೊಟ್ಟಿದ್ದ. ಅದನ್ನು ಕೊಟ್ಟ ಗಳಿಗೆಯಲ್ಲೇ ತಾನು ಏನು ಮಾಡಲಿದ್ದೇನೆಂದು ತನಗೆ ಗೊತ್ತಿತ್ತು ಎಂಬುದು ಅವನಿಗೆ ಇತ್ತೀಚೆಗೆ ಹೊಳೆಯತೊಡಗಿತ್ತು. ಮೈಸೂರಿನ ಆ ಆಸ್ಪತ್ರೆಯಲ್ಲಿ, ಅವನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದಾದ ಡಾಕ್ಟರು, ಚಂದ್ರಕಲಳ ಮಗಳು ತನುಶ್ರೀಯ ತಲೆಯ ಸುತ್ತ ದರ್ಜಿಯ ಟೇಪಿನಂಥದನ್ನು ಸುತ್ತಿ ನಲವತ್ತೇಳೂವರೆ ಸೆಂಟಿಮೀಟರು ಎಂದು ಬರೆದುಕೊಂಡಿದ್ದರು. ಹನ್ನೊಂದು ವರ್ಷದ ಹುಡುಗಿಗೆ ಅದು ಎರಡು ವರ್ಷದ ಮಗುವಿನ ಅಳತೆ. ತನು ಟೇಪನ್ನು ಹಿಡಿದು ಬಾಯಿಗೆ ಹಾಕಿಕೊಂಡು ನಗುತ್ತಿದ್ದಳು. ಅವಳು ಯಾವಾಗಲೂ ನಗುತ್ತಾಳೆ. ಮಾತು ಬರಲಿಲ್ಲ, ನಡಿಗೆ ತಂತಿಯ ಮೇಲೆ ನಡೆದಂತೆ, ಆಗಾಗ ಫಿಟ್ಸು, ನಿದ್ದೆ ಎರಡು ಮೂರು ಗಂಟೆ. ಆದರೆ ನೀರು ಕಂಡರೆ, ನಲ್ಲಿಯಾಗಲಿ ಬಕೆಟ್ಟಾಗಲಿ, ಕೈ ಬಡಿದುಕೊಂಡು ನಗುತ್ತಾಳೆ. ಆ ನಗುವೂ ಕಾಯಿಲೆಯದೇ ಭಾಗವೆಂದು ಡಾಕ್ಟರು ಹೇಳಿದಾಗ ಚಂದ್ರಕಲ ಮೊದಲ ಬಾರಿಗೆ ತಲೆ ತಗ್ಗಿಸಿದ್ದಳು. ಅದೊಂದನ್ನಾದರೂ ಮಗಳದೇ ಎಂದುಕೊಂಡಿದ್ದಳೇನೋ.

ಹುಟ್ಟುವಾಗ ತಲೆ ಸರಿಯಾಗೇ ಇರುತ್ತೆ, ಆಮೇಲೆ ಮಿದುಳು ಬೆಳೆಯೋದು ಹಿಂದೆ ಬೀಳುತ್ತೆ ಎಂದು ಡಾಕ್ಟರು ಒಂದು ಹಾಳೆಯಲ್ಲಿ ಎರಡು ಗೆರೆ ಎಳೆದರು. ಪ್ರತಿಯೊಂದು ಜೀನ್‌ಗೂ ಎರಡು ಪ್ರತಿ, ತಾಯಿಯದೊಂದು, ತಂದೆಯದೊಂದು. ಸಾಮಾನ್ಯವಾಗಿ ಎರಡೂ ಕೆಲಸ ಮಾಡುತ್ತವೆ. ಕೆಲವೇ ಕೆಲವು ಜೀನ್‌ಗಳ ಮೇಲೆ ಮಾತ್ರ ಇದು ಯಾರಿಂದ ಬಂದದ್ದು ಎಂಬ ಗುರುತು ಇರುತ್ತದೆ. ಅಕ್ಷರ ಬದಲಾಗುವುದಿಲ್ಲ, ಓದಬೇಕೋ ಬೇಡವೋ ಎಂಬ ಗುರುತು ಅಷ್ಟೆ. ಈ ಜೀನ್‌ನಲ್ಲಿ, ಮಿದುಳಿನ ಮಟ್ಟಿಗೆ, ತಾಯಿಯದು ಎಚ್ಚರ, ತಂದೆಯದು ಮಲಗಿರುತ್ತದೆ. ತನುವಿಗೆ ತಾಯಿಯಿಂದ ಬಂದ ಪ್ರತಿಯಲ್ಲಿ ತಪ್ಪಿದೆ, ಅದಕ್ಕೆ ಬದಲಾಗಿ ಏಳಬೇಕಾದ ತಂದೆಯ ಪ್ರತಿ ಏಳುವುದಿಲ್ಲ. ಹಾಗಾದರೆ ಇವಳಿಂದಲೇ ಬಂತಲ್ಲ ಎಂದು ಸಿದ್ದರಾಮು ಕೇಳಿದ್ದ, ತಂಗಿ ಪಕ್ಕದಲ್ಲೇ ಕೂತಿದ್ದಾಗ. ಆ ಪ್ರಶ್ನೆಯಲ್ಲಿ ಒಂದು ಬಗೆಯ ಹಗುರವಿತ್ತೆಂಬುದು ಅವನಿಗೆ ಈಗ ತಿಳಿಯುತ್ತದೆ. ಡಾಕ್ಟರು ಅವನನ್ನೇ ನೋಡಿ, "ಇವರಿಗೆ ಎಲ್ಲಿಂದ ಬಂತು ಸಾರ್? ನಿಮ್ಮ ತಾಯಿಯವರ ರಕ್ತದಲ್ಲಿಲ್ಲ, ನೋಡಿದ್ದೀವಿ. ಬಹುಶಃ ನಿಮ್ಮ ತಂದೆಯವರಿಂದ. ಅವರಿಂದ ಬಂದದ್ದಕ್ಕೇ ಇವರಿಗೆ ಏನೂ ಆಗಿಲ್ಲ, ಮಲಗಿರೋ ಪ್ರತೀಲಿ ಇತ್ತು. ಇವರಿಂದ ಮಗಳಿಗೆ ಹೋದಾಗ ಅದರ ಮೇಲೆ ತಾಯಿಯದು ಅನ್ನೋ ಹೊಸ ಗುರುತು ಬಿತ್ತು. ಗಂಡಸರ ಮೂಲಕ ಸದ್ದಿಲ್ಲದೆ ಹೋಗುತ್ತೆ. ನೀವೂ ಒಮ್ಮೆ ನೋಡಿಸಿಕೊಳ್ಳಿ. ಮಗಳಿದ್ದಾಳೆ ಅಂದ್ರಲ್ಲ" ಎಂದಿದ್ದರು.

ತೀರಿಕೊಂಡ ಅಪ್ಪ ಅಂದಾನಯ್ಯನ ತಲೆ ದೊಡ್ಡದು. ಅವನ ಅಳತೆಯ ಪೇಟ ಅಂಗಡಿಯಲ್ಲಿ ಸಿಗುತ್ತಿರಲಿಲ್ಲವೆಂದು ಊರಲ್ಲಿ ಮಾತಿತ್ತು, ಮಂಡಿಗೆ ತಾಕುವ ಪಂಚೆಯುಟ್ಟು ಗದ್ದೆಯ ಬದುವಿನ ಮೇಲೆ ನಿಂತರೆ ಜಗಳಗಳು ತಾವಾಗಿ ತೀರುತ್ತಿದ್ದವು. ಆ ತಲೆಯಲ್ಲಿ ಅದು ಎಂಬತ್ತು ವರ್ಷ ಮಲಗಿತ್ತೆ? ಏಳು ವರ್ಷದ ಹಿಂದೆ ಪಾಲಹಳ್ಳಿಯಲ್ಲಿ, ಚಂದ್ರಕಲಳ ಗಂಡ ದಿಲೀಪನ ಮನೆಯ ಜಗಲಿಯ ಮೇಲೆ ಪಂಚಾಯ್ತಿ ಕೂತಾಗ, ಇದು ನಿಮ್ಮ ಕಡೆಯ ರಕ್ತ ಎಂದು ದಿಲೀಪ ಹೇಳಿದ್ದಕ್ಕೆ ಸಿದ್ದರಾಮು ಎದ್ದು ನಿಂತು ಕೂಗಿದ್ದ. "ನಮ್ಮಪ್ಪನ್ನ ಕಂಡಿದ್ದೀರಿ. ನನ್ನ ಕಾಣ್ತಾ ಇದ್ದೀರಿ. ನನ್ ಮಗಳು ಎಸ್ಸೆಲ್ಸೀಲಿ ತಾಲ್ಲೂಕ್ಗೇ ಮೊದ್ಲು. ನಮ್ ವಂಶ್ದಲ್ಲಿ ಈ ಐಬಿಲ್ಲ." ಎಲ್ಲರೂ ತಲೆದೂಗಿದ್ದರು. ಗೆದ್ದು ಬಂದಂತೆ ತಂಗಿಯನ್ನೂ ಮಗುವನ್ನೂ ಕರೆದುಕೊಂಡು ಬರುವಾಗ ಅದೇ ಕಾರಿನಲ್ಲಿ, ನೀನು ಬಸುರಿಯಾಗಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಿದ್ದೆಯಂತೆ, ಅಮ್ಮ ಹೇಳಿತು, ಎಂದೂ ಕೇಳಿದ್ದ. ಕಿಟಕಿಯ ಹೊರಗೆ ನಾಲೆ ಕಂಡು ತನು ನಗುತ್ತಿದ್ದಳು.

ಪಾಂಡವಪುರದಲ್ಲಿ ಚಂದ್ರಕಲ ಎರಡು ಕೋಣೆಯ ಮನೆಯಲ್ಲಿ ಬ್ಲೌಸು ಹೊಲಿದುಕೊಂಡು ಇದ್ದಳು. ಅವನು ಹೋದಾಗ ತನುವಿಗೆ ಹೊಸ ಫ್ರಾಕು ತೊಡಿಸಿ, ತಾನೂ ಇಸ್ತ್ರಿ ಮಾಡಿದ ಸೀರೆಯುಟ್ಟು ಬಾಗಿಲಲ್ಲೇ ನಿಂತಿದ್ದಳು. ಶ್ರೀರಂಗಪಟ್ಟಣದಲ್ಲಿ ವಿಕಲಚೇತನರಿಗೆ ಜಿಲ್ಲಾ ಮಟ್ಟದ ಶಿಬಿರ. ಅಳತೆ ಕೊಟ್ಟರೆ ಕಾಲಿಗೆ ಬೂಟು, ಕೂರಲು ಕುರ್ಚಿ ಸಿಗುತ್ತದೆ. ಬಸ್ಸಿನಲ್ಲಿ ಕರೆದೊಯ್ಯಲು ತನು ಈಗ ತೂಕವಾಗಿದ್ದಾಳೆ. ಎತ್ತಿ ಕಾರಿಗೆ ಕೂರಿಸುವಾಗ ತನು ಅವನ ಕೊರಳು ತಬ್ಬಿ ಕೆನ್ನೆಗೆ ಜೊಲ್ಲು ಒರೆಸಿದಳು. ಅವನು ಅದನ್ನು ಕೂಡಲೇ ಒರೆಸಿಕೊಳ್ಳದೆ, ತಂಗಿ ಆ ಕಡೆ ತಿರುಗುವವರೆಗೆ ಕಾದು ಒರೆಸಿಕೊಂಡ. ಹೀಗೆ ಕಾಯುವುದು ಅವನಿಗೆ ಚೆನ್ನಾಗಿ ರೂಢಿಯಾಗಿತ್ತು.

ದಾರಿಯಲ್ಲಿ ಚಂದ್ರಕಲ, "ನಾಗಮಂಗಲದೋರು ದಿನ ಗೊತ್ ಮಾಡುದ್ರಾ ಅಣ್ಣ?" ಎಂದಳು. ಮುಂದಿನ ವಾರ ಎಂದ. ಮಗಳು ರಂಜಿತಳನ್ನು ನೋಡಲು ನಾಗಮಂಗಲದ ಕೆಂಪಣ್ಣ ಹೆಂಡತಿ ಮತ್ತು ಮಗ ತಿಮ್ಮೇಶನೊಡನೆ ಕೆ.ಆರ್. ಪೇಟೆಗೆ ಬಂದಾಗ ಚಂದ್ರಕಲಳನ್ನು ಕರೆದಿರಲಿಲ್ಲ. ಮುಂದಿನ ಸಲ ಕರೀತೀನಿ ಕಣವ್ವ ಎಂದಿದ್ದ. ಒಡಹುಟ್ಟಿದವರು ಎಷ್ಟು ಜನ ಎಂದು ಕೆಂಪಣ್ಣನ ಹೆಂಡತಿ ಕೇಳಿದಾಗ, "ಒಬ್ಳೇ ತಂಗಿ. ಮಕ್ಕಳಿಲ್ಲ" ಎಂಬ ಮಾತು ಅವನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಕಾಫಿ ತಟ್ಟೆ ಹಿಡಿದು ಬರುತ್ತಿದ್ದ ಹೆಂಡತಿ ಕವಿತ ಒಂದು ಹೆಜ್ಜೆ ನಿಂತು ಮತ್ತೆ ಮುಂದೆ ಬಂದಳು. ರಂಜಿತ ಕೂಡ ಅಲ್ಲೇ ಕೂತಿದ್ದಳು, ತಲೆ ಎತ್ತಲಿಲ್ಲ. ಆಮೇಲೆ ಆ ಮನೆಯಲ್ಲಿ ಮೂವರೂ ಆ ಮಾತನ್ನೆತ್ತಲಿಲ್ಲ.

ಶಿಬಿರ ನಡೆಯುತ್ತಿದ್ದ ಮೈದಾನದಲ್ಲಿ ಶಾಮಿಯಾನದ ಕೆಳಗೆ ನೂರಾರು ಜನ. ಚಂದ್ರಕಲ ಟೋಕನ್ನಿಗೆ ಸಾಲಿನಲ್ಲಿ ನಿಂತಳು. ತನುವನ್ನು ತೋಳಲ್ಲಿ ಹಿಡಿದು ಪ್ಲಾಸ್ಟಿಕ್ಕು ಕುರ್ಚಿಯಲ್ಲಿ ಕೂತ ಸಿದ್ದರಾಮುವಿಗೆ ಇಲ್ಲಿ ತನ್ನನ್ನು ಯಾರೂ ವಿಶೇಷವಾಗಿ ನೋಡುತ್ತಿಲ್ಲವೆಂಬುದು ನೆಮ್ಮದಿಯೆನಿಸಿತು. ಅಷ್ಟರಲ್ಲಿ ಹಿಂದಿನಿಂದ, "ಓ, ಬೀಗ್ರು" ಎಂಬ ದನಿ. ಕೆಂಪಣ್ಣ ತನ್ನ ತಾಯಿ ಚಿಕ್ಕಬೋರಮ್ಮನ ಕೈ ಹಿಡಿದು ನಿಂತಿದ್ದ. ಮುದುಕಿಗೆ ಕಿವಿಯ ಮಿಶಿನ್ನು ಹಾಕಿಸಲು ಬಂದದ್ದಂತೆ. "ಇದ್ಯಾರ್ ಮಗು?" ಎಂದು ಕೇಳಿದ, ಬರಿ ಕೇಳುವುದಕ್ಕೆ ಕೇಳಿದ್ದು.

ಆಗ ಹೇಳಬಹುದಿತ್ತು. ಅದಕ್ಕೆ ಬೇಕಾದದ್ದು ಮೂರೇ ಪದ. ಅವು ನಾಲಿಗೆಯ ಮೇಲೆ ಬಂದದ್ದೂ ನಿಜ. ಆದರೆ ಅದರ ಹಿಂದೆಯೇ ಮಕ್ಕಳಿಲ್ಲ ಎಂದದ್ದು ಬಂತು, ಅದರ ಹಿಂದೆ ಲಕೋಟೆ ಬಂತು. "ನಮ್ಮೂರಿನೋರು ಇವ್ರು" ಎಂದ. "ಬಸ್ಸಲ್ಲಿ ಕಷ್ಟ ಅಂದ್ರು, ಕಾರಲ್ಲಿ ಬುಡಾನ ಅಂತ ಬಂದೆ." ಹೇಳಿ ಮುಗಿಸಿದಾಗ ಚಂದ್ರಕಲ ಟೋಕನ್ನು ಹಿಡಿದು ಎರಡು ಮಾರು ದೂರದಲ್ಲಿ ನಿಂತಿದ್ದಳು. ಅವಳು ಕೇಳಿಸಿಕೊಂಡಿದ್ದಳು. ಅವಳ ಮುಖದಲ್ಲಿ ಏನಾದರೂ ಆಗಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತು, ಏನೂ ಆಗಲಿಲ್ಲ. ಹತ್ತಿರ ಬಂದು, ಕೆಂಪಣ್ಣನಿಗೆ ಕೈ ಮುಗಿದು, "ಹೌದು ಸಾರ್. ಡಾಕ್ಟ್ರು ಒಳ್ಳೇರು, ಕರ್ಕಂಡ್ ಬಂದ್ರು" ಎಂದಳು. ಅವಳು ತನ್ನನ್ನು ಡಾಕ್ಟ್ರು ಎಂದದ್ದು ಜೀವನದಲ್ಲಿ ಅದೇ ಮೊದಲು.

ಕೆಂಪಣ್ಣ ಮೆಚ್ಚಿ ತಲೆಯಾಡಿಸಿದ. ತನು ಕೈ ಚಾಚಿ ಚಿಕ್ಕಬೋರಮ್ಮನ ಕಿವಿಯೋಲೆ ಹಿಡಿದಳು. ಬಿಡಿಸಲು ಸಿದ್ದರಾಮು ಗಾಬರಿಯಿಂದ ಎದ್ದ, ಆದರೆ ಮುದುಕಿ ಬಾಗಿ ಓಲೆಯನ್ನು ಮಗುವಿಗೇ ಬಿಟ್ಟುಕೊಟ್ಟು ನಗುತ್ತಾ, ಕಿವುಡರು ಮಾತಾಡುವಷ್ಟು ಜೋರಾಗಿ, "ಇದ್ರ ಮೂಗು ನೋಡ್ಲಾ ಕೆಂಪ, ಈಯಪ್ಪನ್ ಮೂಗೇ" ಎಂದಳು. ಅಕ್ಕಪಕ್ಕದವರು ತಿರುಗಿದರು. "ನಮ್ಮವ್ವುಂಗೆ ಕಣ್ಣೂ ಮಂಜು ಬುಡಿ" ಎಂದು ಕೆಂಪಣ್ಣ ಕ್ಷಮೆ ಕೇಳುವವನಂತೆ ನಕ್ಕ. ಸಿದ್ದರಾಮುವೂ ನಕ್ಕ. ಆಮೇಲೆ ಅಳತೆಯ ಮೇಜಿನ ಬಳಿ ಗುಮಾಸ್ತೆ ಹುಡುಗಿ ಅರ್ಜಿ ತಿರುಗಿಸಿ, ಜೊತೆಗೆ ಬಂದವರ ಸಂಬಂಧ ಎಂಬ ಸಾಲು ತೋರಿಸಿ, ಬರೆದು ಸೈನ್ ಹಾಕಿ ಎಂದಳು. ಕೆಂಪಣ್ಣ ಇನ್ನೂ ಕಿವಿಗೆ ಬೀಳುವಷ್ಟು ಹತ್ತಿರದಲ್ಲೇ ಇದ್ದ. ಆದರೆ ಬರೆಯುವುದು ಯಾರ ಕಿವಿಗೂ ಬೀಳುವುದಿಲ್ಲ. ಅಲ್ಲಿ ನಿಜ ಬರೆಯಬಹುದಿತ್ತು. ಅವನು 'ನೆರೆಯವರು' ಎಂದು ಬರೆದ. ಪಕ್ಕದಲ್ಲಿ ನಿಂತ ಚಂದ್ರಕಲ ಅವನ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು. ಬರೆದು ಮುಗಿಸುವವರೆಗೆ ನೋಡಿ, ತನುವಿನ ಕಾಲನ್ನು ಅಳತೆಯ ಹಲಗೆಯ ಮೇಲೆ ಇಟ್ಟಳು.

ವಾಪಸ್ಸು ಬರುವಾಗ ತನು ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ತಂಗಿ ಬೈದರೆ ತಾನೂ ಏನಾದರೂ ಹೇಳಬಹುದು, ರಂಜಿತಳ ಮದುವೆಯ ಮಾತು, ಜನ ಹೇಗೆಂದು ನಿನಗೇ ಗೊತ್ತಲ್ಲ, ಎಂದು ಸಿದ್ದರಾಮು ಮಾತು ಜೋಡಿಸಿಕೊಂಡೇ ಇದ್ದ. ಚಂದ್ರಕಲ ಅದನ್ನು ಎತ್ತಲೇ ಇಲ್ಲ. ಪಾಂಡವಪುರ ಹತ್ತಿರ ಬಂದಾಗ ಹೇಳಿದಳು: "ಮೈಸೂರಿನ ಡಾಕ್ಟ್ರು ನೆನ್ನೆ ಫೋನ್ ಮಾಡಿದ್ರು. ನಿನ್ ರಿಪೋರ್ಟು ಕಳ್ಸಿ ಏಳು ತಿಂಗ್ಳಾಯ್ತಂತೆ. ಮಗಳ್ನ ಕರ್ಕಂಡ್ ಬರಕ್ಕೆ ಹೇಳಿದ್ವಿ, ಬರ್ಲಿಲ್ಲ ಅಂದ್ರು. ನೀನು ನಂಗೆ ರಿಪೋರ್ಟೇ ಬಂದಿಲ್ಲ ಅಂದಿದ್ದೆ."

ಅವನು ಮುಂದಿನ ಲಾರಿಯನ್ನೇ ನೋಡುತ್ತಿದ್ದ. "ಮದ್ವೆ ಆಗ್ಲಿ, ಹೇಳ್ತೀನಿ ಕಲಾ."

"ಮದ್ವೆ ಆದ್ಮೇಲೆ, ಬಸ್ರಿ ಆದ್ಮೇಲೆ ಹೇಳ್ತೀಯಾ?" ದನಿ ಏರಲಿಲ್ಲ, ಮಗು ಮಲಗಿತ್ತು. "ನಂಗ್ಯಾರೂ ಹೇಳ್ಲಿಲ್ಲ. ಹೇಳಕ್ಕೆ ಯಾರ್ಗೂ ಗೊತ್ತಿರ್ಲಿಲ್ಲ. ಅದ್ಕೆ ನಾನ್ ಯಾರ್ನೂ ಬೈಯಕ್ಕಾಗಲ್ಲ. ನಿಂಗೆ ಗೊತ್ತದೆ." ಮಗಳ ತಲೆಯನ್ನು ತೊಡೆಯ ಮೇಲೆ ಸರಿಮಾಡಿ, "ತನು ಹುಟ್ಬಾರ್ದಿತ್ತು ಅಂತಲ್ಲ ನಾ ಹೇಳ್ತಿರದು. ಅಂಗಂದ್ಕಬ್ಯಾಡ. ರಂಜಿತ ತಿಳ್ಕಂಡು ಮಾಡ್ಲಿ, ಏನ್ ಮಾಡುದ್ರೂ" ಎಂದಳು. ಮನೆ ಮುಂದೆ ಇಳಿಯುವಾಗ ಮಗುವನ್ನು ಎತ್ತಲು ಅವನು ಕೈ ಚಾಚಿದ. ಬೇಡ ಬಿಡು, ನಾನೇ ಎತ್ತುತ್ತೇನೆ ಎಂದು ಅವಳೇ ಎತ್ತಿಕೊಂಡು, ಮೊಣಕಾಲು ಬಾಗಿ, ಒಳಗೆ ಹೋದಳು.

ಕೆ.ಆರ್. ಪೇಟೆಗೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ರಂಜಿತ ತಾನು ಪಾಠ ಹೇಳುವ ಶಾಲೆಯಿಂದ ಬಂದು ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅಲ್ಲಿಗೆ ಹೋಗಿ ನಿಂತ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಲಕೋಟೆಯನ್ನು ಎಡಗೈಯಿಂದ ಬಲಗೈಗೆ ಬದಲಿಸುತ್ತಿದ್ದ. ಅವಳೇ, ಬಟ್ಟೆ ಮಡಿಸುತ್ತಾ, ಅವನತ್ತ ನೋಡದೆ ಹೇಳಿದಳು: "ತಿಮ್ಮೇಶ ಫೋನ್ ಮಾಡಿದ್ರು. ಅವರಪ್ಪ ನಿನ್ನ ತುಂಬ ಹೊಗಳಿದ್ರಂತೆ. ಊರಿನೋರ ಮಗೂನ ಎತ್ಕೊಂಡು ಶಿಬಿರಕ್ಕೆ ಬಂದಿದ್ರು, ದೊಡ್ಡ ಮನಸ್ಸು ಅಂತ. ನಿಮ್ಮ ಪಕ್ಕದ ಮನೆಯೋರಾ ಅಂತ ಕೇಳಿದ್ರು." ಒಂದು ಟವೆಲು ಮಡಿಸಿದಳು. "ನಾನೂ ಹೌದು ಅಂದೆ ಅಪ್ಪ. ತನು ಅಂತ ಗೊತ್ತಾಯ್ತು, ಆದ್ರೂ ಹೌದು ಅಂದೆ. ಆವತ್ತು ನೀನು ಮಕ್ಕಳಿಲ್ಲ ಅಂದಾಗ್ಲೂ ಸುಮ್ನೆ ಕೂತಿದ್ದೆ. ಈಗ ನಂಗೆ ಚಂದ್ರಕಲತ್ತೆ ಮನೆಗೆ ಹೋಗಕ್ಕೆ ಮುಖ ಇಲ್ಲ."

ಲಕೋಟೆಯನ್ನು ಅವಳ ಕೈಗೆ ಕೊಟ್ಟ. ಹೇಳಿದ. ಹೇಳಬೇಕಾದ ಕ್ರಮದಲ್ಲಲ್ಲ, ಅಪ್ಪನ ತಲೆಯಿಂದ ಶುರುಮಾಡಿ, ಪಂಚಾಯ್ತಿಗೆ ಹೋಗಿ, ಮತ್ತೆ ಡಾಕ್ಟರ ಎರಡು ಗೆರೆಗಳಿಗೆ ಬಂದು, ನನ್ನಲ್ಲಿ ಇದೆ, ನಿನ್ನಲ್ಲಿ ಇರಲೂಬಹುದು ಇಲ್ಲದಿರಲೂಬಹುದು, ಅರ್ಧಕ್ಕರ್ಧ, ಇದ್ದರೂ ನಿನಗೆ ಏನೂ ಆಗುವುದಿಲ್ಲ, ಹುಟ್ಟುವ ಮಗುವಿಗೆ ಮಾತ್ರ, ಅದೂ ಅರ್ಧಕ್ಕರ್ಧ, ಎಂದು ಲೆಕ್ಕ ಹೇಳಿದ. ಹಳ್ಳಿಯವರಿಗೆ ಹೋರಿಯ ವಿಷಯ ಹೇಳುವ ದನಿಯಲ್ಲೇ ಹೇಳುತ್ತಿದ್ದೇನೆಂದು ನಡುವೆ ತಿಳಿದು ಮಾತು ನಿಲ್ಲಿಸಿದ. ರಂಜಿತ ಕಾಗದ ತೆಗೆದು ಓದಿದಳು. ಓದುವಾಗ ಅವಳ ಬೆರಳು ಮೇಲಿನ ತಾರೀಖಿನ ಮೇಲೆ ನಿಂತಿತು.

"ನಾಗಮಂಗಲದೋರು ನೋಡಕ್ಕೆ ಬಂದಿದ್ದು ಇದಾದ ನಾಕು ತಿಂಗ್ಳಿಗೆ" ಎಂದಳು. ಅಷ್ಟೆ. ಆಮೇಲೆ, "ಕೆಂಪಣ್ಣೋರಿಗೆ ನೀನೇ ಫೋನ್ ಮಾಡು. ತಿಮ್ಮೇಶಂಗೆ ನಾನು ಹೇಳ್ತೀನಿ. ಈಗ್ಲೇ ಮಾಡು, ನಾನಿಲ್ಲೇ ಇರ್ತೀನಿ."

ಮಾಡಿದ. ಬೀಗರೇ, ಆ ಮಗು ನನ್ನ ತಂಗಿಯ ಮಗಳು, ಜೊತೆಗಿದ್ದವಳೇ ನನ್ನ ತಂಗಿ, ಎಂದ. ಉಳಿದದ್ದನ್ನೂ ಹೇಳಿದ. ಕಾಯಿಲೆಯ ಬಗ್ಗೆ, ರಕ್ತದ ಬಗ್ಗೆ ಪ್ರಶ್ನೆ ಬರುತ್ತದೆಂದು ಕಾದ. ಕೆಂಪಣ್ಣ ನಿಧಾನವಾಗಿ, "ಕಾಯ್ಲೆ ಇಸ್ಯ ಹುಡುಗ್ರು ಡಾಕ್ಟ್ರತ್ರ ಕೇಳ್ಕತಾರೆ ಬುಡಿ. ಆ ಹೆಣ್ಮಗಳು ನಂಗೆ ಕೈ ಮುಗುದ್ಲಲ್ಲ. ಒಡಹುಟ್ಟಿದೋಳ ಬಾಯಲ್ಲಿ ಅಂಗನ್ಸುದ್ರಲ್ಲ ನೀವು" ಎಂದ. ಇವನು ಏನೋ ಹೇಳಲು ಬಾಯಿ ತೆರೆದ. "ಈಗ್ ಬ್ಯಾಡ. ದಿನ ಗೊತ್ತು ಮಾಡದು ನಿಲ್ಲುಸ್ವ" ಎಂದು ಫೋನಿಟ್ಟ. ರಂಜಿತ ಬಟ್ಟೆಯ ಗಂಟು ಎತ್ತಿಕೊಂಡು ಮೆಟ್ಟಿಲಿಳಿದಳು. ತಾರಸಿಯ ತಂತಿಯಲ್ಲಿ ಅವನದೊಂದು ಅಂಗಿ ಉಳಿದಿತ್ತು. ಅವಳು ಮರೆತದ್ದೋ ಬಿಟ್ಟದ್ದೋ ತಿಳಿಯಲಿಲ್ಲ.

ಅವಳು ಮೈಸೂರಿಗೆ ಹೋಗಿ ರಕ್ತ ಕೊಟ್ಟು ಬಂದದ್ದು ಅವನಿಗೆ ಕವಿತಳಿಂದ ತಿಳಿಯಿತು. ಜೊತೆಗೆ ಚಂದ್ರಕಲ ಹೋಗಿದ್ದಳು. ತಿಮ್ಮೇಶನೂ ಆಸ್ಪತ್ರೆಗೆ ಬಂದು, ಡಾಕ್ಟರ ಮುಂದೆ ಒಂದು ಗಂಟೆ ಕೂತು, ಏನೂ ಹೇಳದೆ ನಾಗಮಂಗಲದ ಬಸ್ಸು ಹತ್ತಿದನಂತೆ. ಮನೆಯಲ್ಲಿ ರಂಜಿತ ಅವನಿಗೆ ಊಟ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಜಗಳವಾಡಿದ್ದರೆ ಹಗುರವಾಗುತ್ತಿತ್ತು. ಕಿಕ್ಕೇರಿಯಲ್ಲಿ ದಿನವೂ ಅಂಚೆಯವನು ಬಂದಾಗ ಸಿದ್ದರಾಮು ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದ, ಈ ಸಲದ ವಿಳಾಸ ತನ್ನದಲ್ಲವೆಂದು ಗೊತ್ತಿದ್ದರೂ.

ಐದು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ, ಆಸ್ಪತ್ರೆಯ ಅಂಗಳದಲ್ಲಿ ಎಮ್ಮೆಯೊಂದಕ್ಕೆ ಗ್ಲೂಕೋಸು ಏರಿಸಿ ನಿಂತಿದ್ದಾಗ, ಚಂದ್ರಕಲಳ ಫೋನು ಬಂತು. ಶಿಬಿರದ ದಿನದ ನಂತರ ಅವಳಾಗಿ ಮಾಡಿದ್ದು ಇದೇ ಮೊದಲು.

"ಅಣ್ಣ, ರಂಜಿತಂದು ರಿಪೋರ್ಟು ಬಂತು. ಅವ್ಳಲ್ಲೂ ಅದೆ. ನಿಂಗೆ ಹೇಳು ಅಂದ್ಲು" ಎಂದಳು.

ಅವನು ಬಾಟಲಿಯಿಂದ ಇಳಿಯುವ ಹನಿಗಳನ್ನು ನೋಡುತ್ತಿದ್ದ. "ಎಲ್ಲವ್ಳೆ?"

"ಇಲ್ಲೇ. ಬೆಳಗ್ಗೆಯೇ ಬಂದ್ಲು. ತನೂಗೆ ಊಟ ಮಾಡುಸ್ತಾವ್ಳೆ."

"ಅಳ್ತಾವ್ಳಾ?"

"ಇಲ್ಲ. ಡಾಕ್ಟ್ರತ್ರ ಏನೇನು ಕೇಳ್ಬೇಕು ಅಂತ ಬರ್ಕಂಡವ್ಳೆ. ದಾರಿ ಅವಂತೆ, ಬಸ್ರೀಲೆ ಪರೀಕ್ಷೆ ಮಾಡ್ತಾರಂತೆ. ಅವ್ಳೇ ನಂಗೆ ಹೇಳ್ತಾವ್ಳೆ."

"ನಾನ್ ಬರ್ಲಾ ಕಲಾ?"

"ಇರು, ಕೇಳ್ತೀನಿ" ಎಂದಳು. ಫೋನನ್ನು ಎಲ್ಲೋ, ಬಹುಶಃ ಹೊಲಿಗೆ ಮಿಶಿನ್ನಿನ ಮೇಲೆ, ಇಟ್ಟ ಸದ್ದಾಯಿತು. ಅವನು ಕಿವಿಗೆ ಒತ್ತಿ ಹಿಡಿದ. ದೂರದಲ್ಲಿ ತಟ್ಟೆಯ ಸದ್ದು, ಮಗಳ ದನಿ, ಮಾತು ತಿಳಿಯದಷ್ಟು ಮೆಲ್ಲಗೆ. ಆ ದನಿಯಲ್ಲಿ ಕೋಪವಿದೆಯೇ ಎಂದು ಹುಡುಕಿದ. ಎಮ್ಮೆಯ ಒಡೆಯ ಏನೋ ಕೇಳಿದ್ದಕ್ಕೆ ಕೈಯೆತ್ತಿ ತಡೆದ.

"ಇವತ್ ಬ್ಯಾಡ ಅಂತಾಳೆ" ಎಂದಳು ಚಂದ್ರಕಲ. "ನಾಳೆ ತಿಮ್ಮೇಶ ಬತ್ತಾನಂತೆ, ಅವ್ರಿಬ್ರೇ ಮಾತಾಡ್ಕಬೇಕಂತೆ. ನಾಳಿದ್ದು ಬಾ ಅಂತಾಳೆ."

"ಆಗ್ಲಿ" ಎಂದ ಸಿದ್ದರಾಮು. "ಎಷ್ಟೊತ್ಗೆ ಅಂತ ಕೇಳು."